ಏಳು ವರ್ಷ ಮಡಿಸಿಟ್ಟಿದ್ದ ಕೌದಿಯನ್ನು ಮುಗಿಸಿದ ಬಗೆ: ನನ್ನ ಅನುಭವ

ಹಳೆಯ ಬಟ್ಟೆಯ ಪದರಗಳನ್ನೂ ತುಂಡುಗಳನ್ನೂ ಸೇರಿಸಿ ಹೊಲಿಯುವ ಕೌದಿಯನ್ನು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಹೋದರೆ ನಡುವೆ ಬಟ್ಟೆ ಉಬ್ಬುತ್ತದೆ, ಯಾವಾಗಲೂ ನಡುವಿನಿಂದಲೇ ಹೊರಡಬೇಕು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. 2018ರಲ್ಲಿ ತಂಗಿಯ ಮೊಮ್ಮಗನ ತೊಟ್ಟಿಲಿಗೆಂದು ಕೈಗೆತ್ತಿಕೊಂಡ, 30 ಇಂಚು ಅಗಲ ಮತ್ತು 40 ಇಂಚು ಉದ್ದದ ಕೌದಿಯನ್ನು 2025ರ ಯುಗಾದಿಗೆ ಮುನ್ನ ಅಂಚಿನಿಂದಲೇ ಹೊಲಿದು ಮುಗಿಸಿದ್ದೇನೆ. ನೆಲಕ್ಕೆ ಹಾಸಿದರೆ ಎಲ್ಲಿಯೂ ಏಳದೆ ಸಮನಾಗಿ ಕೂರುತ್ತದೆ. ಅಷ್ಟರಲ್ಲಿ ಮಗು ಒಂದನೆಯ ತರಗತಿಯಲ್ಲಿತ್ತು.

ಮೊದಲ ಪ್ರಯತ್ನಕ್ಕೆ ಹೆಚ್ಚು ಹಣ ಹೋಯಿತು. ಮುಂಬಯಿಯ ಒಂದು ಹೊಲಿಗೆ ತರಗತಿಗೆ ಸುಮಾರು 3,500 ರೂಪಾಯಿ, ಮರದ ಚೌಕಟ್ಟಿಗೆ 1,200, ಒಳಗೆ ಹಾಕುವ ಪಾಲಿಯೆಸ್ಟರ್ ಹತ್ತಿಗೆ 600 ಕೊಟ್ಟ ನೆನಪು. ಅಮ್ಮನ ಸೀರೆ ಸವೆದು ತೆಳುವಾಗಿದ್ದುದರಿಂದ ಪಾಲಿಯೆಸ್ಟರಿನ ಬಿಳಿ ಎಳೆಗಳು ತಿಂಗಳೊಳಗೆ ನೇಯ್ಗೆಯ ಸಂದಿನಿಂದ ಹೊರಬಂದವು. ಒಗೆಯದೆ ಹಾಕಿದ ಕೆಂಪು ಖಣ (ರವಿಕೆಯ ಬಟ್ಟೆ) ಬಣ್ಣ ಬಿಟ್ಟಿತು. ಅಷ್ಟನ್ನೂ ಬಿಚ್ಚಿದೆ.

2020ರಲ್ಲಿ ಒಳಪದರಗಳು ಜಾರದಿರಲೆಂದು ಪಂಚೆಗಳನ್ನು ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿ ಒಂದರ ಮೇಲೊಂದು ಹಾಸಿದೆ. ಪದರಗಳೇನೋ ಜಾರಲಿಲ್ಲ, ಆದರೆ ಸೂಜಿ ಇಳಿಯಲು ಹಟ ಮಾಡಿತು. ಜುಲೈ ಬರುವಷ್ಟರಲ್ಲಿ ಮುಂಬಯಿ ಬಳಿಯ ಡೊಂಬಿವಲಿಯ ತೇವಕ್ಕೆ ಗಂಜಿ ಬೂಷ್ಟು ಹಿಡಿಯಿತು, ಬಟ್ಟೆಯಲ್ಲಿಯೇ ಚುಚ್ಚಿಟ್ಟಿದ್ದ ಸೂಜಿ ತುಕ್ಕಿನ ಕಲೆ ಬಿಟ್ಟಿತು. ಆ ಕಲೆಯ ಮೇಲೆ ಈಗ ಹಸಿರು ತುಂಡೊಂದು ಕುಳಿತಿದೆ. ಮಳೆಗಾಲದಲ್ಲಿ ಮುಂಬಯಿಯಲ್ಲಿ ಗಂಜಿಯ ಉಪಾಯ ಬೇಡವೇ ಬೇಡ.

ಅನಂತರ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಸ್ಲೋ ಲೋಕಲ್‌ನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕ ದಿನಗಳಲ್ಲೆಲ್ಲ ತುಂಡುಗಳನ್ನು ಜೋಡಿಸಿ ಮೇಲ್ಪದರವನ್ನು ಸಿದ್ಧಪಡಿಸಿಕೊಂಡೆ. ಅದನ್ನು ಅಂಚಿನಿಂದ ಹೊಲಿದಾಗ ನಿಜವಾಗಿಯೂ ನಡುವೆ ಎರಡು ಬೆರಳಿನಷ್ಟು ಉಬ್ಬಿತು. ತಪ್ಪು ಎಲ್ಲಿದೆಯೆಂದು ತಿಳಿದದ್ದು ಆಗಲೇ. ಮೊದಲೇ ಜೋಡಿಸಿದ ಮೇಲ್ಪದರದಲ್ಲಿ ಹೆಚ್ಚಾದ ಬಟ್ಟೆಗೆ ಹೋಗಲು ಜಾಗವಿರುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊರಗಿನಿಂದ ಒಳಗೆ ಸುತ್ತುತ್ತ ಹೊಲಿಯುವಾಗ ತುಂಡುಗಳನ್ನು ಒಂದೊಂದಾಗಿ ಇಟ್ಟು, ಅಂಚು ಮಡಿಸಿ, ಪದರಗಳ ಸಮೇತ ಹೊಲಿಯುತ್ತಾರೆ. ನಮ್ಮ ಅಮ್ಮ ಧಾರವಾಡದ ಕಡೆ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಬಟ್ಟೆ ಕೂದಲೆಳೆಯಷ್ಟು ಹೆಚ್ಚಾದರೂ ಮುಂದಿನ ತುಂಡಿನ ಮಡಿಕೆಯಲ್ಲಿ ಅಡಗಿಹೋಗುತ್ತದೆ.

ಹಾಗಾಗಿ 2025ರ ಸಂಕ್ರಾಂತಿಯ ಮರುದಿನ ಎಲ್ಲವನ್ನೂ ಬಿಚ್ಚಿ ಮತ್ತೆ ಆರಂಭಿಸಿದೆ. ಕೆಳಗೆ ಅಮ್ಮನ ಇಳಕಲ್ ಸೀರೆಯ ಒಡಲು, ನಡುವೆ ಹಳೆಯ ಪಂಚೆಯ ಎರಡು ಪದರ, ಎಲ್ಲವೂ ಎರಡೆರಡು ಬಾರಿ ಒಗೆದವು. ನಾಲ್ಕು ಬೆರಳಿಗೊಂದರಂತೆ ಅಡ್ಡಕ್ಕೂ ಉದ್ದಕ್ಕೂ, ಪದರಗಳನ್ನು ಹಿಡಿದಿಡಲು ತಾತ್ಕಾಲಿಕವಾದ ಕಚ್ಚಾ ಹೊಲಿಗೆ ಹಾಕಿದೆ. ಈ ಕೆಲಸದಲ್ಲಿ ಜಿಪುಣತನ ತೋರಬಾರದು.

ಏಳು ವರ್ಷ ಮುಗಿಯದ್ದು ಎರಡು ತಿಂಗಳಲ್ಲಿ ಮುಗಿಯಲು ಕಾರಣ ಈ ಲೆಕ್ಕ. ಹೊರಗಿನ ಸುತ್ತು ಸುಮಾರು 140 ಇಂಚು. ಸಾಲುಗಳ ನಡುವೆ ಮುಕ್ಕಾಲು ಇಂಚು ಬಿಟ್ಟರೆ ಪ್ರತಿ ಸುತ್ತೂ ಹಿಂದಿನದಕ್ಕಿಂತ 6 ಇಂಚು ಚಿಕ್ಕದಾಗುತ್ತದೆ. ನನ್ನ ಕೈಗೆ ಗಂಟೆಗೆ 25ರಿಂದ 30 ಇಂಚು ಸಾಗುತ್ತದೆ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕುಳಿತರೆ ಮೊದಲ ಸುತ್ತಿಗೆ ಐದು ರಾತ್ರಿ ಹಿಡಿಯುತ್ತದೆ, ಹತ್ತನೆಯದಕ್ಕೆ ಮೂರು, ಇಪ್ಪತ್ತನೆಯದಕ್ಕೆ ಒಂದೇ. ನಡುವಿನಿಂದ ಹೊರಟವರಿಗೆ ಇದು ತಿರುವುಮುರುವು, ಬೇಸರ ಬರುವ ಹೊತ್ತಿಗೆ ಸುತ್ತುಗಳು ಉದ್ದವಾಗುತ್ತ ಹೋಗುತ್ತವೆ. ನಡುವಿನಿಂದ ಹೊರಟಾಗ ನನ್ನದೂ ಆ ಹಂತದಲ್ಲಿಯೇ ಎರಡು ಬಾರಿ ನಿಂತುಹೋಗಿತ್ತು. ಎಲ್ಲ ಸೇರಿ ಹೊಲಿಗೆಯ ಉದ್ದ ಸುಮಾರು 1,660 ಇಂಚು, ಸಮಯ ಅರವತ್ತು ಗಂಟೆಯ ಆಸುಪಾಸು. ಇಂಚಿಗೆ ಆರೇಳು ಹೊಲಿಗೆ ಬಿದ್ದಿವೆ, ಐವತ್ತೆಂಟರ ವಯಸ್ಸಿನ ಕಣ್ಣಿಗೆ ಅದು ಸಣ್ಣ ಮಾತಲ್ಲ.

ದಾರಕ್ಕೆ ಮೇಣದಬತ್ತಿ ಉಜ್ಜಿಯೂ ನೋಡಿದೆ. ದಾರ ಸಿಕ್ಕಾಗುವುದು ನಿಂತಿತು, ಆದರೆ ಇಸ್ತ್ರಿ ಮಾಡಿದಾಗ ಮೇಣ ಕರಗಿ ಬಿಳಿ ಪಂಚೆಯ ಮೇಲೆ ಎಣ್ಣೆಯಂಥ ಗೆರೆ ಮೂಡಿತು. ಜೇನುಮೇಣವನ್ನು ತೆಳುವಾಗಿ ಸವರಿದಾಗ ಈ ತೊಂದರೆ ಕಾಣಲಿಲ್ಲ. ದಾರ ಮೊಳದುದ್ದಕ್ಕಿಂತ ಹೆಚ್ಚಿರಬಾರದು.

ಮೂಲೆಗೆ ಹಚ್ಚುವ ಫುಲ ಎಂಬ ಮಡಿಕೆಯ ತುಂಡನ್ನು ಮಡಿಸುವ ಬಗೆಯನ್ನೂ ಮುಗಿವ ದಾರದ ತುದಿಯನ್ನು ಗಂಟಿಲ್ಲದೆ ಅಡಗಿಸುವ ಬಗೆಯನ್ನೂ ಇಲ್ಲಿ ಬರೆಯುವುದಿಲ್ಲ. ಎದುರಿಗೆ ಕುಳಿತು ಕಲಿಯುವವರಿಗೆ ಮಾತ್ರ ತೋರಿಸುತ್ತೇನೆ.

ಕೊನೆಯಲ್ಲಿ ನಡುವೆ ಅಂಗೈಯಷ್ಟು ಜಾಗ ಉಳಿದಾಗ, ಕೌದಿಯ ಹೊಟ್ಟೆ ಖಾಲಿ ಇರಬಾರದೆಂಬ ಅಮ್ಮನ ಮಾತಿನಂತೆ ಐದು ಅಕ್ಕಿಕಾಳನ್ನಿಟ್ಟು ಮುಚ್ಚಿದೆ. ಪಕ್ಕದ ಮನೆಯ ಮರಾಠಿ ಅಜ್ಜಿ ನೋಡಲು ಬಂದಾಗ ಮೇಲ್ಭಾಗವನ್ನು ನೋಡಲೇ ಇಲ್ಲ. ಮಗುಚಿ ಹಾಕಿ, ಕನ್ನಡಕವನ್ನು ಹಣೆಗೇರಿಸಿ, ಹಿಂಬದಿಯ ಸಾಲುಗಳ ಮೇಲೆ ಹೆಬ್ಬೆರಳನ್ನು ಮೂಲೆಯಿಂದ ನಡುವಿನವರೆಗೆ ಎಳೆದರು. ತಮ್ಮ ಹಳ್ಳಿಯ ಗೋಧಡಿಗಳಲ್ಲಿಯೂ (ಮರಾಠಿಯಲ್ಲಿ ಕೌದಿಗೆ ಹೀಗೆನ್ನುತ್ತಾರೆ) ಭಾಕರಿಯ, ಅಂದರೆ ರೊಟ್ಟಿಯ, ಚೂರೊಂದನ್ನು ಇಡುತ್ತಿದ್ದರೆಂದು ಹೇಳಿ, ತಮ್ಮದೊಂದು ಹಳೆಯ ನೌವಾರಿ (ಒಂಬತ್ತು ಗಜದ) ಸೀರೆಯನ್ನು ಮರುದಿನ ತಂದುಕೊಟ್ಟರು.

ಹಿಂದಿನ ಪ್ರಯತ್ನಗಳಲ್ಲಿ ಒಟ್ಟು 7,000 ರೂಪಾಯಿಯಾದರೂ ಹೋಗಿರಬೇಕು. ಕೊನೆಗೆ ಮುಗಿದ ಕೌದಿಗೆ ದಾರ, ಸೂಜಿ, ಜೇನುಮೇಣ ಸೇರಿ 320 ರೂಪಾಯಿ ಸಾಕಾಯಿತು. ಎರಡು ಬಾರಿ ಒಗೆದ ಮೇಲೆ ಉದ್ದದಲ್ಲಿ ಅರ್ಧ ಇಂಚು ಕುಗ್ಗಿದೆ, ಬಣ್ಣ ಬಿಟ್ಟಿಲ್ಲ. ಅಜ್ಜಿಯ ಸೀರೆಯನ್ನು ಒಗೆದು ಒಣಹಾಕಿದ್ದೇನೆ.