ಜಿಂಕೆಯ ಮೂಗಿಗೆ ಸಿಕ್ಕದೆ ಮರಸು ಕೂರುವ ಬಗೆ

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ಕಾಡಂಚಿನ ತೋಟಗಳಲ್ಲಿ ಕ್ಯಾಮೆರಾ ಹಿಡಿದು ಮರಸು ಕೂತು, ಅಂದರೆ ಮರೆಯಲ್ಲಿ ಅಡಗಿ ಕೂತು, ಕಡವೆ, ಜಿಂಕೆ, ಕಾಡುಕುರಿಗಳಿಗಾಗಿ ಕಾಯುವವರು ಬಟ್ಟೆಯ ಬಣ್ಣ ಮತ್ತು ಕಾಲಸಪ್ಪಳದ ಬಗ್ಗೆ ವಹಿಸುವ ಎಚ್ಚರದ ಕಾಲುಭಾಗವನ್ನೂ ತಮ್ಮ ಮೈವಾಸನೆಯ ಬಗ್ಗೆ ವಹಿಸುವುದಿಲ್ಲ. ಅಲುಗಾಡದೆ ಕೂತ ಮನುಷ್ಯನನ್ನು ಜಿಂಕೆ ನೋಡಿಯೂ ಗುರುತಿಸದೆ ದಾಟಿಹೋದೀತು; ಆದರೆ ಅವನ ವಾಸನೆ ಮೂಗಿಗೆ ಬಡಿದರೆ ಮತ್ತೆ ಅಲ್ಲಿ ನಿಲ್ಲುವುದಿಲ್ಲ.

ವಾಸನೆಯ ಲೆಕ್ಕಾಚಾರದಲ್ಲಿ ಪಳಗಿದವರೆಂದರೆ ಅಮೆರಿಕದ ಬಿಳಿಬಾಲದ ಜಿಂಕೆಯ ಬೇಟೆಗಾರರು. ಅಲ್ಲಿ ಋತು ಗೊತ್ತುಮಾಡಿ ಪರವಾನಗಿಯ ಮೇಲೆ ಬೇಟೆಗೆ ಅವಕಾಶ ಕೊಡುವುದರಿಂದ ಬೆದೆಗೆ ಬಂದ ಹೆಣ್ಣಿನ ಮೂತ್ರ, ಮನುಷ್ಯನ ವಾಸನೆ ಮುಚ್ಚಲೆಂದು ನರಿಯ ಮೂತ್ರ, ಸೇಬಿನ ಪರಿಮಳದ ದ್ರಾವಣ ಎಲ್ಲವೂ ಬಾಟಲಿಗಳಲ್ಲಿ ಮಾರಾಟವಾಗುತ್ತವೆ. ನವೆಂಬರ್ ಸುಮಾರಿನ ಬೆದೆಕಾಲದಲ್ಲಿ ಆ ಮೂತ್ರದಲ್ಲಿ ಅದ್ದಿದ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ ಗಂಡುಜಿಂಕೆಗೆ ಸುಳ್ಳು ಜಾಡು ಹಾಕುವುದೂ ಉಂಟು. ಆದರೆ 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡುಬಂದ, ಜಿಂಕೆಗಳನ್ನು ಕ್ರಮೇಣ ಸೊರಗಿಸಿ ಕೊಲ್ಲುವ, ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಬರುವ ರೋಗ ಮೂತ್ರದ ಮೂಲಕವೂ ಹರಡಬಹುದೆಂಬ ಭಯದಿಂದ ಅಲ್ಲಿಯ ಕೆಲವು ರಾಜ್ಯಗಳೇ ನಿಜವಾದ ಜಿಂಕೆಮೂತ್ರದ ಬಳಕೆಯನ್ನು ನಿಷೇಧಿಸಿವೆ. ನಮ್ಮಲ್ಲಿ ಪ್ರಶ್ನೆಯೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಂತೆ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ಅಟ್ಟುವುದು, ಆಮಿಷವೊಡ್ಡುವುದು ಮತ್ತು ಇವುಗಳ ಪ್ರಯತ್ನವೂ ಬೇಟೆಯೇ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಲೈಸೆನ್ಸು ಕಡವೆ ಹೊಡೆಯುವ ಲೈಸೆನ್ಸಲ್ಲ ಎಂಬುದನ್ನು ಮಲೆನಾಡಿನಲ್ಲಿ ಈಗಲೂ ಬಿಡಿಸಿ ಹೇಳಬೇಕಾಗುತ್ತದೆ. ಆದ್ದರಿಂದ ಆ ಅಮೆರಿಕದ ಬೇಟೆಗಾರರ ವಿದ್ಯೆಯಲ್ಲಿ ಪ್ರಾಣಿಯನ್ನು ಕರೆಸಿಕೊಳ್ಳುವ ಭಾಗವನ್ನು ಅಲ್ಲಿಗೇ ಬಿಟ್ಟು, ನಮ್ಮ ವಾಸನೆಯನ್ನು ಅಡಗಿಸುವ ಭಾಗವನ್ನಷ್ಟೇ ತೆಗೆದುಕೊಳ್ಳಬೇಕು. ಅದೂ ಸ್ವಂತ ತೋಟದಲ್ಲಿ ಅಥವಾ ಮಾಲೀಕರ ಒಪ್ಪಿಗೆ ಪಡೆದ ಜಾಗದಲ್ಲಿ ಮಾತ್ರ. ಮುತ್ತೋಡಿಯಂತಹ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಸಫಾರಿ ವಾಹನದಿಂದ ಕೆಳಗಿಳಿಯುವಂತಿಲ್ಲ.

ಮೊದಲ ಕೆಲಸ ಗಾಳಿಯನ್ನು ಓದುವುದು. ಒಲೆಯಿಂದ ತೆಗೆದು ಕೆಲವು ದಿನ ಹಳತಾದ ಸೌದೆಬೂದಿಯನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಹಳೆಯ ಪಂಚೆಯ ತುಂಡಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಕಟ್ಟಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬೆರಳಿನಿಂದ ಗಂಟನ್ನು ಒಮ್ಮೆ ತಟ್ಟಿದರೆ ನೂಲಿನ ಸಂದಿನಿಂದ ಹೊರಡುವ ಹುಡಿ ಎತ್ತ ತೇಲುತ್ತದೋ ನಿಮ್ಮ ವಾಸನೆಯೂ ಅತ್ತಲೇ ಹೋಗುತ್ತಿದೆ ಎಂದು ತಿಳಿಯಬಹುದು. ಮುಖದ ಪೌಡರನ್ನು ಇದಕ್ಕೆ ಬಳಸುವವರಿದ್ದಾರೆ. ಅದರ ಪರಿಮಳವೇ ಹೊಸ ತಂಟೆ. ಸಿಲ್ವರ್ ಓಕ್ ತುದಿಗಳು ಪೂರ್ವಕ್ಕೆ ಬಾಗುತ್ತಿರುವಾಗಲೇ ಕಾಫಿ ಗಿಡಗಳ ನಡುವಿನ ಗಾಳಿ ಪಶ್ಚಿಮಕ್ಕೆ ಮೆಲ್ಲಗೆ ಸರಿಯುತ್ತಿರುವುದು ಅಪರೂಪವಲ್ಲವಾದ್ದರಿಂದ, ಬೂದಿಯನ್ನು ತಲೆಯ ಮೇಲಲ್ಲ, ಜಿಂಕೆಯ ಮೂಗಿನ ಮಟ್ಟವಾದ ಸೊಂಟದ ಎತ್ತರದಲ್ಲಿ ತಟ್ಟಿ ನೋಡಬೇಕು.

ಇಳಿಜಾರಿನ ಊರುಗಳಲ್ಲಿ ಗಾಳಿಗೆ ತನ್ನದೇ ದಿನಚರಿಯಿದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಗುಡ್ಡದಿಂದ ಹಳ್ಳದ ಕಡೆಗೆ ಇಳಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಅದೇ ಗಾಳಿ ಮೇಲಕ್ಕೆ ಏರತೊಡಗುತ್ತದೆ. ಸೂರ್ಯ ಗುಡ್ಡದ ಹಿಂದಕ್ಕೆ ಸರಿದ ಕೂಡಲೇ ಮತ್ತೆ ಇಳಿಯುತ್ತದೆ. ಹಾಗಾಗಿ ನಸುಕಿನಲ್ಲಿ ಕೂರುವವರು ಜಿಂಕೆ ಮೇಯುವ ಜಾಗಕ್ಕಿಂತ ಕೆಳಗೆ, ಹೊತ್ತೇರಿದ ಮೇಲೆ ಕೂರುವವರು ಅದಕ್ಕಿಂತ ಮೇಲೆ ಇರಬೇಕು. ಕಷ್ಟವಿರುವುದು ಸಂಜೆಯಲ್ಲಿ: ನಾಲ್ಕು ಗಂಟೆಗೆ ಸರಿಯಿದ್ದ ಜಾಗ ಆರು ಗಂಟೆಗೆ, ಅಂದರೆ ಕಡವೆ ಹೊರಬರುವ ಹೊತ್ತಿಗೇ, ಕೆಟ್ಟುಹೋಗುತ್ತದೆ. ಮೇಲೂ ಅಲ್ಲದೆ ಕೆಳಗೂ ಅಲ್ಲದೆ ಪಕ್ಕಕ್ಕೆ ಕೂತು, ವಾಸನೆ ಏರಿದರೂ ಇಳಿದರೂ ಪ್ರಾಣಿ ಬಾರದ ಬಂಡೆ, ರಸ್ತೆ ಅಥವಾ ಕೆರೆಯ ಮೇಲೆ ಹಾದುಹೋಗುವಂತೆ ನೋಡಿಕೊಳ್ಳುವುದೇ ಇದಕ್ಕೆ ನನಗೆ ಗೊತ್ತಿರುವ ಉಪಾಯ. ಮುಂಗಾರಿನ ಪಡುವಣ ಗಾಳಿ ಜೋರಾಗಿದ್ದಾಗ ಈ ಏರಿಳಿತ ನಡೆಯುವುದಿಲ್ಲ. ಆಗ ಪ್ರಾಣಿಯ ಪೂರ್ವಕ್ಕೆ ಕೂತರೆ ಸಾಕು.

ಮೈವಾಸನೆಯನ್ನು ಪೂರ್ತಿ ತೊಲಗಿಸುವುದು ಆಗದ ಮಾತು. ಚರ್ಮದಿಂದ ಉದುರುವ ಸೂಕ್ಷ್ಮ ಕಣಗಳೇ ಸಾಕು. ಸಗಣಿ ಬಳಿದುಕೊಂಡರೆ ಮನುಷ್ಯನ ವಾಸನೆ ಮುಚ್ಚುತ್ತದೆಂಬುದು ಹಳೆಯ ಶಿಕಾರಿಯವರ ನಂಬಿಕೆ. ಜಿಂಕೆಯ ಮೂಗು ಒಂದು ವಾಸನೆಯ ಕೆಳಗಿರುವ ಇನ್ನೊಂದನ್ನು ಬಿಡಿಸಿ ಹಿಡಿಯುವಂಥದ್ದಾದ್ದರಿಂದ ಅದಕ್ಕೆ ಸಗಣಿಯೂ ತಿಳಿಯುತ್ತದೆ, ಸಗಣಿ ಮೆತ್ತಿಕೊಂಡ ಮನುಷ್ಯನೂ ತಿಳಿಯುತ್ತಾನೆ. ಹೊಸ ವಾಸನೆ ಸೇರಿಸದಿರುವುದೇ ಮೇಲು: ಬಟ್ಟೆಯನ್ನು ಪರಿಮಳವಿಲ್ಲದ ಸೋಪಿನಲ್ಲಿ ಒಗೆದು ಅಡುಗೆಮನೆಯ ಹೊಗೆ ತಾಗದಂತೆ ಬಯಲಿನಲ್ಲಿ ಒಣಗಿಸಬೇಕು, ತಲೆಗೆ ಎಣ್ಣೆ ಹಚ್ಚಬಾರದು, ಬೀಡಿ ಸಿಗರೇಟು ಮುಟ್ಟಬಾರದು. ಮಳೆಗಾಲದಲ್ಲಿ ಇದಕ್ಕೆಲ್ಲ ಇಂಬಳ, ಅಂದರೆ ನೆಲದ ಜಿಗಣೆ, ಅಡ್ಡ ಬರುತ್ತದೆ. ಇಂಬಳಕ್ಕೆಂದು ಕಾಲಿಗೆ ಸವರುವ ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ, ಡೆಟಾಲ್ ಇವುಗಳಲ್ಲಿ ಯಾವುದನ್ನು ಹಚ್ಚಿಕೊಂಡರೂ ಬೂದಿಯ ಗಂಟನ್ನು ಮನೆಯಲ್ಲೇ ಬಿಟ್ಟುಬರಬಹುದು. ಮೊಣಕಾಲಿನವರೆಗೆ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಇಂಬಳದ ಕಾಲುಚೀಲ ತೊಟ್ಟು ಅದರ ಮೇಲೆ ರಬ್ಬರಿನ ಗಂಬೂಟು ಹಾಕಿಕೊಂಡರೆ ಇಂಬಳವೂ ತಡೆಯುತ್ತದೆ, ನಡೆದ ದಾರಿಯಲ್ಲಿ ಪಾದದ ವಾಸನೆಯೂ ಕಡಿಮೆ ಉಳಿಯುತ್ತದೆ.

ಇನ್ನು ಆಕರ್ಷಣೆಯ ವಿಚಾರ. ಉಪ್ಪಿನ ಗಡ್ಡೆ, ಬೆಲ್ಲ, ಹಲಸಿನ ಸೊಳೆ ಇಟ್ಟು ಫೋಟೊ ತೆಗೆಯುವುದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ಕಾನೂನಿನ ತೊಡಕು ಒಂದು ಕಡೆಗಿರಲಿ, ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಗಳಲ್ಲಿ ಮಾಗಿದ ಹಲಸಿನ ಪರಿಮಳಕ್ಕೆ ಬರುವುದು ಜಿಂಕೆಯಲ್ಲ, ಆನೆ. ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಕೆಲಸಕ್ಕೆ ಬರುವ ಆಳುಗಳ ಜೀವಕ್ಕೆ ಅದು ಕುತ್ತು. ಕಾಡು ತಾನೇ ಒಡ್ಡಿರುವ ಮೇವನ್ನು ಹುಡುಕಿ ಅಲ್ಲಿ ಕೂರುವುದು ಸರಿಯಾದ ಕ್ರಮ. ಚಳಿಗಾಲದಲ್ಲಿ ಕಾಯಿ ಉದುರಿಸುವ ನೆಲ್ಲಿಯ ಬುಡಕ್ಕೆ ಜಿಂಕೆ, ಕಾಡುಕುರಿಗಳು ಬಂದೇ ಬರುತ್ತವೆ. ಹಣ್ಣು ಸುರಿಯುವ ಅತ್ತಿ, ಬೇಸಿಗೆಯಲ್ಲೂ ಹಸಿರಾಗಿರುವ ಹಡ್ಲು ಎಂಬ ಜೌಗು ಹುಲ್ಲುನೆಲ, ಪ್ರಾಣಿಗಳು ನೆಕ್ಕಿ ನೆಕ್ಕಿ ಗುಳಿ ಬಿದ್ದ ಉಪ್ಪುಮಣ್ಣಿನ ದರೆ ಇವೂ ಅಂತಹ ಜಾಗಗಳೇ.

ಜಾಗ ಗೊತ್ತಾಯಿತೆನ್ನುವ ಮೊದಲು ಅವುಗಳ ಗುರುತನ್ನೂ ನೋಡಬೇಕು. ಚುಕ್ಕೆಜಿಂಕೆಯ ಗಂಡು ಹಿಂಗಾಲ ಮೇಲೆ ನಿಂತು, ಕಣ್ಣಿನ ಬಳಿಯ ಗ್ರಂಥಿಯನ್ನು ತಲೆಗೂ ಮೇಲಿರುವ ರೆಂಬೆಗೆ ಉಜ್ಜಿ ವಾಸನೆ ಬಿಡುತ್ತದೆ. ಆ ರೆಂಬೆಯ ತುದಿಯ ಎಲೆಗಳು ನಲುಗಿರುತ್ತವೆ. ಗಂಡು ಕಡವೆ ಕೆಸರಿನಲ್ಲಿ ಮೂತ್ರ ಮಾಡಿ ಅದರಲ್ಲೇ ಹೊರಳುವುದರಿಂದ ಹೊರಳಿದ ಗುಂಡಿಯ ಘಾಟು ನಮ್ಮ ಮೊಂಡುಮೂಗಿಗೂ ತಿಳಿಯುತ್ತದೆ. ಹತ್ತಿರದ ಕಾಂಡದ ಮೇಲೆ ಒಣಗಿದ ಕೆಸರೂ ಅದರಲ್ಲಿ ಅಂಟಿದ ಒರಟು ಕೂದಲೂ ಸಿಗುತ್ತವೆ. ಇವುಗಳನ್ನು ಕೈಯಿಂದ ಮುಟ್ಟದೆ, ಜಾಡಿನ ಮೇಲೆ ಕಾಲಿಡದೆ, ದೂರದಿಂದ ಬಳಸಿಕೊಂಡು ಹೋಗಿ ಕೂರಬೇಕು.

ಎಷ್ಟು ಜಾಗ್ರತೆ ವಹಿಸಿದರೂ ಗಾಳಿ ಒಮ್ಮೊಮ್ಮೆ ಸುಳಿಯುತ್ತದೆ. ಕಡವೆ ತಲೆಯೆತ್ತಿ ಮೂಗನ್ನು ಮುಂದಕ್ಕೆ ಚಾಚಿ ಮುಂಗಾಲನ್ನು ನೆಲಕ್ಕೆ ಬಡಿದರೆ ಅದಕ್ಕೆ ಅನುಮಾನ ಬಂದಿದೆಯೆಂದೇ ಅರ್ಥ. ಆಗ ಕ್ಯಾಮೆರಾ ಎತ್ತದೆ ಕದಲದೆ ಕೂತರೆ ಅದು ಮತ್ತೆ ಮೇಯಲು ತೊಡಗುವುದೂ ಇದೆ. ಗಂಟೆ ಬಡಿದಂತೆ ಕೂಗಿಬಿಟ್ಟರೆ ಅಂದಿನ ಕೆಲಸ ಮುಗಿಯಿತು, ಸುತ್ತಲಿನ ಎಲ್ಲ ಪ್ರಾಣಿಗಳಿಗೂ ಸುದ್ದಿ ಮುಟ್ಟಿರುತ್ತದೆ. ಆದರೆ ಆ ಕೂಗು ಹುಲಿ, ಚಿರತೆಯ ವಾಸನೆಗೂ ಇರಬಹುದಾದ್ದರಿಂದ, ಅದು ನಿಮ್ಮ ಕಡೆ ನೋಡದೆ ಬೇರೆ ದಿಕ್ಕಿಗೆ ಮುಖ ಮಾಡಿ ಕೂಗುತ್ತಿದ್ದರೆ ತಡಮಾಡದೆ ಎದ್ದು, ಇನ್ನೂ ಬೆಳಕಿರುವಾಗಲೇ ತೋಟದ ಜೀಪುದಾರಿ ಹಿಡಿದು ಮನೆಗೆ ಬರಬೇಕು.