ಥೈರಾಯ್ಡ್ ಮಾತ್ರೆ: 50ರಿಂದ 100ಕ್ಕೆ ಹೋಗಿ 88ಕ್ಕೆ ಬಂದ ಕಥೆ

ನನಗೆ ಥೈರಾಯ್ಡ್ ತೊಂದರೆ ಇದೆ ಅಂತ ಗೊತ್ತಾಗಿದ್ದು 2019ರ ಮಳೆಗಾಲದಲ್ಲಿ. ಆಗ ನನಗೆ 38 ವರ್ಷ. ಶಿವಮೊಗ್ಗದಲ್ಲಿ ಆ ಹೊತ್ತಿಗೆ ಎಲ್ಲರಿಗೂ ಚಳಿನೇ ಇರುತ್ತೆ, ಹಾಗಾಗಿ ಮನೆಯೊಳಗೂ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದದ್ದು ವಿಚಿತ್ರ ಅಂತ ಅನ್ನಿಸಲೇ ಇಲ್ಲ. ಕೂದಲು ಕೈತುಂಬ ಬರುತ್ತಿತ್ತು. ಧ್ವನಿ ಗಡುಸಾಗಿತ್ತು. ಮಧ್ಯಾಹ್ನದ ಕ್ಲಾಸಿನಲ್ಲಿ ಬೋರ್ಡಿಗೆ ಒರಗಿಕೊಂಡು ಪಾಠ ಮಾಡುತ್ತಿದ್ದೆ. ಅದನ್ನು ನೋಡಿದ ನಮ್ಮ ಸ್ಕೂಲಿನ ಇನ್ನೊಬ್ಬ ಟೀಚರ್ "ಸುಮ್ನೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ" ಅಂದರು.

ಟಿಎಸ್‌ಎಚ್ 18.6 ಬಂತು. ಸುಮಾರು 4ರ ಒಳಗೆ ಇರಬೇಕಿತ್ತು. ಥೈರಾಯ್ಡ್ ಮಾಡುವ ಹಾರ್ಮೋನು ರಕ್ತದಲ್ಲಿ ಎಷ್ಟಿದೆ ಅಂತ ಹೇಳುವ ಫ್ರೀ ಟಿ4 ಕಡಿಮೆ ಇತ್ತು. ನಮ್ಮ ಅತ್ತೆ ಊರಿಗೆಲ್ಲ ಫೋನ್ ಮಾಡಿ "ಇವಳಿಗೆ ಥೈರಾಯ್ಡ್ ಜಾಸ್ತಿ ಆಗಿದೆಯಂತೆ" ಅಂತ ಹೇಳಿದರು. ಇದು ತುಂಬ ಜನ ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುವ ವಿಷಯ, ನಾನೂ ಹಾಗೇ ತಿಳಿದಿದ್ದೆ. ಟಿಎಸ್‌ಎಚ್ ಥೈರಾಯ್ಡಿನಿಂದ ಬರುವುದಲ್ಲ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿ ಥೈರಾಯ್ಡಿಗೆ "ಏಳು, ಕೆಲಸ ಮಾಡು" ಅಂತ ಹಾಕುವ ಕೂಗು. ಥೈರಾಯ್ಡ್ ಮಲಗಿದಷ್ಟೂ ಕೂಗು ಜೋರಾಗುತ್ತೆ, ನಂಬರ್ ಮೇಲೆ ಹೋಗುತ್ತೆ. ಆಂಟಿ ಟಿಪಿಒ ಪರೀಕ್ಷೆಯೂ ಪಾಸಿಟಿವ್ ಬಂತು. ಅಂದರೆ ನನ್ನ ದೇಹದ ರೋಗನಿರೋಧಕ ಶಕ್ತಿಯೇ ನನ್ನ ಥೈರಾಯ್ಡ್ ಗ್ರಂಥಿಯನ್ನು ಹಾಳು ಮಾಡುತ್ತಿದೆ. ಇದನ್ನು 1912ರಲ್ಲಿ ಮೊದಲು ವಿವರಿಸಿದ ಜಪಾನಿನ ಡಾಕ್ಟರ್ ಹಶಿಮೊಟೊ ಹೆಸರಿನಲ್ಲೇ ಈ ಕಾಯಿಲೆಯನ್ನು ಕರೆಯುತ್ತಾರೆ.

ಡಾಕ್ಟರ್ ಮೇಡಂ ನನ್ನ ತೂಕ ನೋಡಿದರು, 62 ಕೆಜಿ. ಗ್ರಂಥಿ ಪೂರ್ತಿ ನಿಂತುಹೋದವರಿಗೆ ದಿನದ ಮಾತ್ರೆ ಕೆಜಿಗೆ 1.6 ಮೈಕ್ರೋಗ್ರಾಂ ಲೆಕ್ಕ, ಅಂದರೆ ನನಗೆ ಹತ್ತಿರಹತ್ತಿರ 100. "ನಿಮ್ಮದು ಇನ್ನೂ ಸ್ವಲ್ಪ ಕೆಲಸ ಮಾಡ್ತಿದೆ ಅಮ್ಮ, 50ರಿಂದ ಶುರು ಮಾಡೋಣ, ಆರು ವಾರ ಬಿಟ್ಟು ಬನ್ನಿ" ಅಂದರು. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 25ರಿಂದಲೋ ಅದಕ್ಕಿಂತ ಕಡಿಮೆಯಿಂದಲೋ ಶುರು ಮಾಡುತ್ತಾರಂತೆ.

ಆರು ವಾರ ಯಾಕೆ ಅಂತ ಆವತ್ತು ಕೇಳಲಿಲ್ಲ. ಮೂರನೇ ವಾರಕ್ಕೇ ಹೋಗಿ ನಾನೇ ಟೆಸ್ಟ್ ಮಾಡಿಸಿದೆ. 13 ಬಂತು. ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಗಾಬರಿಯಾಗಿ ರಿಪೋರ್ಟ್ ಹಿಡಿದು ಓಡಿದೆ. ಮೇಡಂ ಬೈಯಲಿಲ್ಲ, ಕೂರಿಸಿ ಹೇಳಿದರು. ಲೆವೊಥೈರಾಕ್ಸಿನ್, ಅಂದರೆ ಈ ಥೈರಾಯ್ಡ್ ಮಾತ್ರೆ, ನುಂಗಿದರೆ ಅದರಲ್ಲಿ ಅರ್ಧ ರಕ್ತದಿಂದ ಹೋಗುವುದಕ್ಕೇ ಸುಮಾರು ಒಂದು ವಾರ ಬೇಕು. ಹಾಗಾಗಿ ದಿನಾ ನುಂಗುತ್ತಾ ಹೋದರೆ ಅದು ಮೆಲ್ಲಗೆ ತುಂಬಿಕೊಳ್ಳುತ್ತಾ ಐದಾರು ವಾರಕ್ಕೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತೆ, ಪಿಟ್ಯೂಟರಿ ಅದನ್ನು ನಂಬಿ ಕೂಗು ಇಳಿಸುವುದು ಇನ್ನೂ ಸ್ವಲ್ಪ ನಿಧಾನ. ಮೂರನೇ ವಾರದ ನಂಬರ್ ಅಂದರೆ ಅರ್ಧ ಬೆಂದ ಅನ್ನ. ಅದನ್ನು ನೋಡಿ ಮಾತ್ರೆ ಏರಿಸಿದರೆ ಮುಂದೆ ಜಾಸ್ತಿ ಆಗಿಬಿಡಬಹುದು.

ಅಕ್ಟೋಬರ್‌ನಲ್ಲಿ 8.1 ಬಂತು, 75 ಮಾಡಿದರು. ಡಿಸೆಂಬರ್‌ನಲ್ಲಿ 3.4. ಸ್ವೆಟರ್ ಬಿಚ್ಚಿಟ್ಟೆ. ಒಂದು ವರ್ಷ ಏನೂ ತೊಂದರೆ ಇಲ್ಲ.

ಆಮೇಲೆ ನಡೆದದ್ದನ್ನು ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತದ್ದು.

2020ರ ಕೊನೆಗೆ ಹಿಮೋಗ್ಲೋಬಿನ್ 9.8ಕ್ಕೆ ಇಳಿದಿತ್ತು. ಬೇರೆ ಕಡೆ ತೋರಿಸಿದೆ, ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಬರೆದುಕೊಟ್ಟರು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೀರಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಥೈರಾಯ್ಡ್ ಮಾತ್ರೆ, ಹತ್ತು ನಿಮಿಷಕ್ಕೆ ಕಾಫಿ, ಆರೂವರೆಗೆ ದೋಸೆ ತಿಂದ ಕೂಡಲೇ ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡೂ. ಎಲ್ಲ ಮಾತ್ರೆ ಬೆಳಿಗ್ಗೆಯೇ ಮುಗಿದರೆ ಮರೆಯುವುದಿಲ್ಲ ಅಂತ ನನ್ನ ಲೆಕ್ಕ. ಹೊಟ್ಟೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡು ಬಿಡುತ್ತವೆ, ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನಾಲ್ಕು ಗಂಟೆ ಅಂತರ ಬೇಕು. ಕಾಫಿಗೂ ಮಾತ್ರೆಗೂ ಕಡಿಮೆ ಅಂದರೆ ಅರ್ಧ ಗಂಟೆ, ಆದರೆ ಒಂದು ಗಂಟೆ ಒಳ್ಳೆಯದು.

ಜನವರಿ 2021, ಟಿಎಸ್‌ಎಚ್ 9.2. ಮೇಡಂ "ದಿನಾ ತಪ್ಪದೆ ತಗೋತಿದ್ದೀರಾ?" ಅಂತ ಕೇಳಿದರು. ಹೌದು ಅಂದೆ, ಅದು ನಿಜವೇ. 75 ಹೋಗಿ 100 ಆಯಿತು.

ಅದೇ ವಾರ ಕಬ್ಬಿಣದ ಮಾತ್ರೆಯ ಜೊತೆ ಬಂದ ಚೀಟಿಯನ್ನು ಭೂತಕನ್ನಡಿ ಹಿಡಿದು ಓದಿದೆ. ಅಲ್ಲಿ ಥೈರಾಯ್ಡ್ ವಿಷಯ ಇತ್ತು. ಎಂಥ ತಪ್ಪು ಮಾಡಿದೆ ಅಂತ ಕಬ್ಬಿಣವನ್ನು ಮಧ್ಯಾಹ್ನದ ಊಟಕ್ಕೆ, ಕ್ಯಾಲ್ಸಿಯಂ ರಾತ್ರಿಗೆ ತಳ್ಳಿದೆ, ಕಾಫಿಯನ್ನು ಒಂದು ಗಂಟೆ ಮುಂದೂಡಿದೆ. ಅದು ಸರಿಯಾದ ಕೆಲಸವೇ. ಆದರೆ ಮೇಡಂಗೆ ಹೇಳಲಿಲ್ಲ. ಅಂದರೆ ಮಾತ್ರೆ ದೊಡ್ಡದಾಗಿತ್ತು, ಜೊತೆಗೆ ಈಗ ಅದು ರಕ್ತಕ್ಕೆ ಸರಿಯಾಗಿಯೂ ಸೇರುತ್ತಿತ್ತು. ಎರಡು ಬದಲಾವಣೆ ಒಟ್ಟಿಗೆ ಆಯಿತು.

ಒಂದು ತಿಂಗಳಿಗೆ ಹುರುಪೋ ಹುರುಪು. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ನಾಲ್ಕಕ್ಕೇ ಎಚ್ಚರ. ಮಾರ್ಚ್ ಮೊದಲ ವಾರ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದೆ. ಒಂಬತ್ತು ಚುಕ್ಕಿಯದು, ಮದುವೆಗೆ ಮೊದಲಿನಿಂದ ಹಾಕಿ ಹಾಕಿ ಕೈಗೆ ಕೂತುಹೋದದ್ದು. ಚುಕ್ಕಿ ಸರಿಯಾಗಿ ಬಿದ್ದವು. ಎಳೆ ಎಳೆಯುವಾಗ ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಪುಡಿ ಸಣ್ಣಗೆ ಅಲೆಅಲೆಯಾಗಿ ಇಳಿಯಿತು, ನೇರ ಗೆರೆ ಹಾವಿನ ಹಾಗೆ ಆಯಿತು. ಅಳಿಸಿ ಮತ್ತೆ ಎಳೆದೆ. ಮತ್ತೆ ಹಾಗೇ. ಕೈ ಚಾಚಿ ನೋಡಿದರೆ ಬೆರಳು ನಡುಗುತ್ತಿದ್ದವು. ಅಲ್ಲೇ ಮೆಟ್ಟಿಲ ಮೇಲೆ ಕೂತು ನಾಡಿ ಎಣಿಸಿದೆ, ಕೂತಲ್ಲೇ 104.

ಅವತ್ತೇ ಹೋದೆ. ಟಿಎಸ್‌ಎಚ್ 0.06, ಅಂದರೆ ಮಾತ್ರೆ ಜಾಸ್ತಿಯಾಗಿ ಪಿಟ್ಯೂಟರಿಯ ಕೂಗೇ ನಿಂತಂತೆ. ಈ ನಂಬರ್ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ತಿಳಿದವರು ಇದ್ದಾರೆ, ತೂಕ ಇಳಿಯುತ್ತೆ ಅಂತ ಬೇಕೆಂದೇ ಜಾಸ್ತಿ ನುಂಗುವವರನ್ನೂ ನಾನು ನೋಡಿದ್ದೇನೆ. ದಯವಿಟ್ಟು ಬೇಡ. ವರ್ಷಗಟ್ಟಲೆ ಹಾಗಿದ್ದರೆ ಎದೆಬಡಿತ ತಾಳ ತಪ್ಪಬಹುದು, ಮೂಳೆ ಸವೆಯುತ್ತೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಿಗೆ.

ಮೇಡಂಗೆ ಕಬ್ಬಿಣ, ಕಾಫಿ, ಚೀಟಿ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಜನವರಿಯಲ್ಲೇ ಹೇಳಿದ್ದರೆ 75ರಲ್ಲೇ ಇಟ್ಟು ಆರು ವಾರ ನೋಡ್ತಿದ್ದೆ" ಅಂದರು. ಅವತ್ತಿನ ಲೆಕ್ಕ ನೋಡಿ 88 ಬರೆದರು. 88ರ ಮಾತ್ರೆ ಅಂತ ಒಂದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ, 75 ಬಿಟ್ಟರೆ 100 ಅಂತ ತಿಳಿದಿದ್ದೆ. ಇದರಲ್ಲಿ ಸಣ್ಣ ಹೆಜ್ಜೆಗೂ ಟಿಎಸ್‌ಎಚ್ ತುಂಬ ಜಿಗಿಯುತ್ತೆ, ಅದಕ್ಕೇ ನಡುವೆ ಅಷ್ಟು ಮೆಟ್ಟಿಲು ಇಟ್ಟಿದ್ದಾರೆ. ಲಾಕ್‌ಡೌನ್ ಬಂದು ಟೆಸ್ಟ್ ಜೂನ್‌ಗೆ ಹೋಯಿತು. 1.9. ಕೈ ನಡುಕ ಅಷ್ಟರಲ್ಲಿ ನಿಂತಿತ್ತು.

ಅವತ್ತಿನಿಂದ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಮೇಲೆ ಬರೆಯಲು ಶುರು ಮಾಡಿದೆ. ಮಾತ್ರೆ ನುಂಗಿದ ದಿನ ಒಂದು ಗೀಟು. ತಪ್ಪಿದರೆ ಸೊನ್ನೆ. ಹೊಸ ಮಾತ್ರೆ ಯಾವುದೇ ಶುರುವಾದರೂ, ಗ್ಯಾಸಿನ ಮಾತ್ರೆಯಾದರೂ, ಅದರ ಹೆಸರು. ಮೆಡಿಕಲ್ ಶಾಪಿನವರು ಬೇರೆ ಕಂಪನಿಯ ಬಾಟಲಿ ಕೊಟ್ಟರೆ ಅದೂ. ಟೆಸ್ಟಿಗೆ ಹೋಗುವಾಗ ಎರಡು ತಿಂಗಳ ಹಾಳೆಯ ಫೋಟೋ ತೆಗೆದುಕೊಂಡು ಹೋಗುತ್ತೇನೆ. ರಿಪೋರ್ಟಿನ ನಂಬರ್ ಹಿಂದಿನ ಆರು ವಾರ ನಾವು ಹೇಗಿದ್ದೆವು ಅನ್ನೋದನ್ನು ಹೇಳುತ್ತೆ, ಆ ಆರು ವಾರ ಡಾಕ್ಟರ್‌ಗೆ ಗೊತ್ತಿಲ್ಲದಿದ್ದರೆ ಅವರಾದರೂ ಏನು ಮಾಡಬೇಕು, ಅಲ್ವಾ?

ತಿಂಗಳೆಲ್ಲ ಮರೆತು ಟೆಸ್ಟಿನ ಹಿಂದಿನ ನಾಲ್ಕು ದಿನ ನಿಷ್ಠೆಯಿಂದ ನುಂಗಿ ಹೋಗುವವರಿದ್ದಾರೆ. ಟಿ4 ಸರಿ ಬರುತ್ತೆ, ಟಿಎಸ್‌ಎಚ್ ಮಾತ್ರ ಹಳೇ ಕಥೆ ಹೇಳಿಬಿಡುತ್ತೆ. ಒಂದು ದಿನ ಮರೆತರೆ ಗಾಬರಿ ಬೇಡ, ನೆನಪಾದಾಗ ತಗೊಳ್ಳಿ ಅಂತ ನನಗೆ ಹೇಳಿದ್ದಾರೆ. ಟೆಸ್ಟ್ ದಿನ ನಾನು ಮಾತ್ರೆ ನುಂಗುವ ಮೊದಲೇ, ಪ್ರತಿ ಸಲ ಬೆಳಿಗ್ಗೆ ಒಂದೇ ಹೊತ್ತಿಗೆ ರಕ್ತ ಕೊಡುತ್ತೇನೆ. ಟಿಎಸ್‌ಎಚ್ ದಿನದಲ್ಲೇ ಏರಿಳಿಯುತ್ತೆ, ಮಧ್ಯಾಹ್ನ ಕೊಟ್ಟರೆ ಕಡಿಮೆ ಕಾಣುತ್ತೆ. ಕೋಸು ತಿನ್ನಬಾರದು ಅಂತ ಅತ್ತೆ ಎರಡು ವರ್ಷ ಕೋಸಿನ ಪಲ್ಯವನ್ನೇ ಮಾಡಿರಲಿಲ್ಲ. ಬೇಯಿಸಿ ಹಿತಮಿತವಾಗಿ ತಿಂದರೆ ತೊಂದರೆ ಇಲ್ಲ ಅಂದಮೇಲೆ ಮಾಡಿದರು.

ಆ ಕ್ಯಾಲೆಂಡರ್ ನನ್ನನ್ನು ಒಂದು ಸಲ ಉಳಿಸಿತು. 2023ರಲ್ಲಿ ಟಿಎಸ್‌ಎಚ್ 0.15, ಟಿ4 ಜಾಸ್ತಿ. ಆದರೆ ನಡುಕ ಇಲ್ಲ, ನಾಡಿ 74, ನಿದ್ದೆ ಚೆನ್ನಾಗಿದೆ. ನಂಬರ್ ಒಂದು ಹೇಳುತ್ತಿದೆ, ಮೈ ಇನ್ನೊಂದು. ಮೇಡಂ ಫೋಟೋ ದೊಡ್ಡದು ಮಾಡಿ ನೋಡಿ "ಇದೇನಿದು ಬಯೋಟಿನ್?" ಅಂದರು. ಅದೊಂದು ವಿಟಮಿನ್ ಮಾತ್ರೆ, ಕೂದಲಿಗೆ ಅಂತ ತಂಗಿ ತಂದುಕೊಟ್ಟಿದ್ದಳು, 10 ಮಿಲಿಗ್ರಾಂನದ್ದು. ಕೆಲವು ಲ್ಯಾಬಿನ ಪರೀಕ್ಷೆಯ ವಿಧಾನದಲ್ಲೇ ಬಯೋಟಿನ್ ಬಳಸುತ್ತಾರೆ, ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಟಿಎಸ್‌ಎಚ್ ಸುಳ್ಳುಸುಳ್ಳೇ ಕಡಿಮೆ, ಟಿ4 ಸುಳ್ಳುಸುಳ್ಳೇ ಜಾಸ್ತಿ ಬರುತ್ತೆ. ಒಂದು ವಾರ ಅದನ್ನು ಬಿಟ್ಟು ಮತ್ತೆ ರಕ್ತ ಕೊಟ್ಟೆ, 2.3. ಥೈರಾಯ್ಡ್ ಮಾತ್ರೆಯನ್ನು ಮುಟ್ಟಲೇ ಇಲ್ಲ.

ಆ ತಂಗಿಗೂ ಥೈರಾಯ್ಡ್ ಇದೆ. ಕಳೆದ ವರ್ಷ ಬಸುರಿ ಅಂತ ಗೊತ್ತಾದ ದಿನವೇ ನನಗೆ ಫೋನ್ ಮಾಡಿದಳು. ನಾಳೆಯೇ ಡಾಕ್ಟರ್ ಹತ್ತಿರ ಹೋಗು, ಮೂರು ತಿಂಗಳ ಚೆಕಪ್‌ಗೆ ಅಂತ ಕಾಯಬೇಡ ಅಂದೆ. ಮೊದಲ ತಿಂಗಳುಗಳಲ್ಲಿ ಮಗುವಿಗೂ ತಾಯಿಯ ಹಾರ್ಮೋನೇ ಆಧಾರ, ಮಾತ್ರೆ ಕಾಲುಭಾಗದಷ್ಟು ಜಾಸ್ತಿ ಬೇಕಾಗಬಹುದು. ಅವಳ ಡಾಕ್ಟರ್ ದಿನದ ಮಾತ್ರೆಯ ಜೊತೆ ವಾರಕ್ಕೆ ಎರಡು ಹೆಚ್ಚಿಗೆ ತಗೊಳ್ಳೋಕೆ ಹೇಳಿ ನಾಲ್ಕು ವಾರಕ್ಕೊಮ್ಮೆ ಟೆಸ್ಟ್ ಬರೆದರು. ಯಾವ ದಿನ ಎರಡು ನುಂಗಬೇಕು ಅಂತ ಅವಳಿಗೆ ಗೊಂದಲ. ಸೋಮವಾರ, ಗುರುವಾರ ಅಂತ ಅವಳ ಕ್ಯಾಲೆಂಡರ್ ಮೇಲೆ ನಾನೇ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿ ಬಂದೆ.