ಗೋಣಿಚೀಲ, ಅಡಿಕೆ ಹಾಳೆ ಮತ್ತು ಒಂದು ಸೆವೆನ್ ಐರನ್

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಸುತ್ತ ಅಡಿಕೆ ತೋಟ, ಆಚೆ ಗುಡ್ಡ. ಇಲ್ಲಿ ಗಾಲ್ಫ್ ಅಂದರೆ ಟಿವಿಯಲ್ಲಿ ಬರುವ ಆಟ, ಅಷ್ಟೇ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರಲ್ಲ, ಆ ದಿನ ಬೆಳಿಗ್ಗೆ ತೋಟಕ್ಕೂ ಹೋಗದೆ ನೋಡುತ್ತಾ ಕೂತಿದ್ದೆ. ಅವರ ಸ್ವಿಂಗ್‌ನಲ್ಲಿ, ಅಂದರೆ ಕೋಲು ಬೀಸುವ ರೀತಿಯಲ್ಲಿ, ಎಲ್ಲೂ ಜಗ್ಗಾಟ ಇರಲಿಲ್ಲ. ಅದು ಮನಸ್ಸಿಗೆ ಹಿಡಿಯಿತು.

ನನ್ನ ಹೆಂಡತಿಯ ಅಣ್ಣ ಕಾಫಿ ಬೆಳೆಗಾರರು. ಚಿಕ್ಕಮಗಳೂರಿನ ಗಾಲ್ಫ್ ಕ್ಲಬ್ಬಿನಲ್ಲಿ ಆಡುತ್ತಾರೆ. ಕೊಪ್ಪ, ಬಾಳೆಹೊನ್ನೂರು ದಾಟಿ ಅವರ ಮನೆಗೆ ಹೋದಾಗ ನನಗೂ ಕಲಿಸಿ ಅಂತ ಕೇಳಿಯೇಬಿಟ್ಟೆ. ಮೊದಲ ದಿನ ಹೊಡೆದ ಚೆಂಡುಗಳೆಲ್ಲ ನೇರ ಹೊರಟ ಹಾಗೆ ಮಾಡಿ, ಆಮೇಲೆ ಬಲಕ್ಕೆ ಬಾಗಿ ಮರಗಳ ಕಡೆ ಹೋದವು. ಇದಕ್ಕೆ ಸ್ಲೈಸ್ ಅನ್ನುತ್ತಾರೆ. ನಾನು ಇನ್ನೂ ಜೋರಾಗಿ ಹೊಡೆದೆ, ಅದು ಇನ್ನೂ ಜಾಸ್ತಿ ಬಾಗಿತು.

"ಎಂತದು ಭಾವ, ಕಟ್ಟಿಗೆ ಒಡೆದ ಹಾಗೆ ಹೊಡೀತೀರಲ್ಲ. ಕೈ ತೋರಿಸಿ" ಅಂದರು ಹೆಂಡತಿಯ ಅಣ್ಣ. ನಾವಿಬ್ಬರೂ ಒಬ್ಬರಿಗೊಬ್ಬರು ಭಾವ.

ಕೈ ನೋಡಿದರೆ ನಿಜ. ಕೊಡಲಿಯ ಕಾವು ಹಿಡಿದ ಹಾಗೆ, ಅಂಗೈಯಲ್ಲಿ ಮುಷ್ಟಿ ಬಿಗಿದು ಹಿಡಿದಿದ್ದೆ. ಜೊತೆಗೆ ಕ್ರಿಕೆಟ್ಟಿನ ಅಭ್ಯಾಸ ಬೇರೆ. ಚೆಂಡು ಹೊರಡುವ ದಿಕ್ಕನ್ನು ಜಾಸ್ತಿ ತೀರ್ಮಾನ ಮಾಡುವುದು ತಾಗುವ ಹೊತ್ತಿಗೆ ಕ್ಲಬ್ಬಿನ ಮುಖ, ಅಂದರೆ ಗಾಲ್ಫ್ ಕೋಲಿನ ತಲೆಯಲ್ಲಿ ಚೆಂಡಿಗೆ ತಾಗುವ ಚಪ್ಪಟೆ ಭಾಗ, ಎಲ್ಲಿಗೆ ನೋಡುತ್ತಿದೆ ಎನ್ನುವುದು. ಬಾಗುವುದು ಮಾತ್ರ ಆ ಮುಖಕ್ಕೂ ನಾವು ಬೀಸಿದ ದಾರಿಗೂ ಇರುವ ವ್ಯತ್ಯಾಸದಿಂದ. ನನ್ನದು ಹೊರಗಿನಿಂದ ಒಳಕ್ಕೆ ಎಳೆಯುವ ಬೀಸು, ಆ ದಾರಿಗೆ ಹೋಲಿಸಿದರೆ ಮುಖ ಬಲಕ್ಕೆ ತೆರೆದೇ ಇರುತ್ತಿತ್ತು. ಹಾಗಾಗಿ ಜೋರು ಮಾಡಿದಷ್ಟೂ ಕೆಡುತ್ತಿತ್ತು.

ಭಾವ ಹಳೆಯ ಸೆವೆನ್ ಐರನ್ ಒಂದನ್ನು, ಅಂದರೆ ಮಧ್ಯಮ ದೂರಕ್ಕೆ ಹೊಡೆಯುವ ಲೋಹದ ತಲೆಯ ಕ್ಲಬ್ಬನ್ನು, ಕೊಟ್ಟು ಕಳಿಸಿದರು. "ಮಳೆಗಾಲ ಪೂರ್ತಿ ಚೆಂಡು ಮುಟ್ಟಬೇಡಿ, ಸುಮ್ನೆ ಹಿಡಿಯೋದು ಕಲೀರಿ" ಅಂದರು. ನಮ್ಮ ತಾಲ್ಲೂಕಿನ ಮಳೆ ಗೊತ್ತಲ್ಲ, ಆಗುಂಬೆ ಇರುವುದು ಇಲ್ಲೇ. ಹೊರಗೆ ಹೋಗುವ ಹಾಗೇ ಇರಲಿಲ್ಲ. ದಿನಾ ಸಂಜೆ ಜಗಲಿಯಲ್ಲಿ ಕ್ಲಬ್ ಹಿಡಿದು, ಬಿಟ್ಟು, ಮತ್ತೆ ಹಿಡಿದೆ.

ಬಲಗೈಯವರು ಹಿಡಿಯಬೇಕಾದ್ದು ಹೀಗೆ. ಎಡಗೈಯಲ್ಲಿ ಕ್ಲಬ್ ಬೆರಳುಗಳ ಮೇಲೆ ಓರೆಯಾಗಿ ಕೂರಬೇಕು, ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿನ ತನಕ. ಅಂಗೈಯ ಕೆಳಗಿನ ದಪ್ಪ ಭಾಗ ಅದರ ಮೇಲೆ ಬರಬೇಕು. ಹೆಬ್ಬೆರಳು ನಟ್ಟನಡುವೆ ಬೇಡ, ಕೊಂಚ ಬಲಕ್ಕೆ. ತಲೆ ಬಗ್ಗಿಸಿ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಬೇಕು. ನನಗೆ ಒಂದೂ ಸರಿಯಾಗಿ ಕಾಣುತ್ತಿರಲಿಲ್ಲ, ಮುಖ ತೆರೆದುಕೊಳ್ಳುತ್ತಿದ್ದುದು ಅಲ್ಲಿಂದಲೇ. ಆಮೇಲೆ ಬಲಗೈ ಬಂದು ಎಡ ಹೆಬ್ಬೆರಳನ್ನು ಮುಚ್ಚಬೇಕು. ಬಲ ಕಿರುಬೆರಳನ್ನು ಎಡಗೈ ಬೆರಳುಗಳ ಮೇಲೆ ಕೂರಿಸಬಹುದು, ಇಲ್ಲವೇ ಎಡ ತೋರುಬೆರಳಿಗೆ ಹೆಣೆಯಬಹುದು. ಗಾಲ್ಫ್ ದಿಗ್ಗಜರಾದ ಜಾಕ್ ನಿಕ್ಲಾಸ್, ಟೈಗರ್ ವುಡ್ಸ್ ಇಬ್ಬರದೂ ಹೆಣೆದ ಹಿಡಿತವೇ. ನನ್ನ ಬೆರಳು ಗಿಡ್ಡ, ನನಗೂ ಅದೇ ಸರಿಹೋಯಿತು.

ಎಷ್ಟು ಬಿಗಿ ಅನ್ನುವುದು ಹೇಳಿಕೊಡಲು ಕಷ್ಟ. ಮಳೆಯಲ್ಲಿ ಮಗುವಿನ ಕೈ ಹಿಡಿದು ಹಳ್ಳದ ಕಾಲುಸಂಕ ದಾಟಿಸುತ್ತೇವಲ್ಲ, ಆ ಹಿಡಿತ. ಜಾರಲೂಬಾರದು, ಮಗುವಿಗೆ ನೋಯಲೂಬಾರದು. ಬಿಗಿಯಾಗಿ ಹಿಡಿದಿದ್ದಕ್ಕೆ ಶುರುವಿನಲ್ಲಿ ನನ್ನ ಬಲ ಮೊಣಕೈಯ ಒಳಬದಿ ಎರಡು ವಾರ ನೋವಿತ್ತು. ನೋವು ಬಂದರೆ ಆ ದಿನ ಬಿಟ್ಟುಬಿಡಿ.

ಹಿಡಿತ ಕೈಗೆ ಕೂತ ಮೇಲೆ ಅಡಿಕೆ ಸುಲಿಯುವ ಶೆಡ್ಡಿಗೆ ಹೋದೆ. ಗೋಣಿಚೀಲಕ್ಕೆ ಒಣಗಿದ ಅಡಿಕೆ ಸಿಪ್ಪೆ ತುಂಬಿ, ಚೆಂಡು ಇರಬೇಕಾದ ಜಾಗದ ಸ್ವಲ್ಪ ಮುಂದೆ ಇಟ್ಟೆ. ನಿಧಾನವಾಗಿ ಬೀಸಿ, ಚೀಲಕ್ಕೆ ತಾಗಿದಲ್ಲೇ ನಿಂತು ನೋಡುವುದು. ಕೈ ಕ್ಲಬ್ಬಿನ ತಲೆಗಿಂತ ಮುಂದಿದೆಯಾ? ಮೈಭಾರ ಎಡಗಾಲಿಗೆ ಬಂದಿದೆಯಾ? ಹಿಂದಕ್ಕೆ ಎತ್ತುವಾಗ ಭುಜ ತಿರುಗಬೇಕು. ವಾಪಸ್ ಬರುವಾಗ ಮೊದಲು ಹೊರಡಬೇಕಾದ್ದು ಕೈ ಅಲ್ಲ, ಎಡ ಸೊಂಟ. ಇದೊಂದು ನನಗೆ ತಿಂಗಳುಗಟ್ಟಲೆ ಹಿಡಿಯಿತು. ಕೊಡಲಿ ಎತ್ತಿದವನ ಮೈಗೆ ಮೇಲಿಂದ ಭುಜ ಹಾಕಿ ಇಳಿಸುವುದೇ ರೂಢಿ, ಅಲ್ವಾ?

ಮಳೆ ಬಿಟ್ಟ ಮೇಲೆ ಅಂಗಳ. ಚೆಂಡಿನ ಹಿಂದೆ ಒಂದು ಗೇಣು ಬಿಟ್ಟು ಅಡಿಕೆ ಹಾಳೆ ಹಾಸಿದೆ. ಐರನ್ ಮೊದಲು ಚೆಂಡಿಗೆ ತಾಗಬೇಕು, ಆಮೇಲೆ ನೆಲಕ್ಕೆ. ಭಾರ ಬಲಗಾಲಲ್ಲೇ ಉಳಿದರೆ ಕ್ಲಬ್ ಮೊದಲೇ ಇಳಿದು ಹಾಳೆ 'ಪಟ್' ಎನ್ನುತ್ತದೆ. ಚೆಂಡನ್ನು ನಾವು ಎತ್ತಲು ಹೋದಾಗಲೂ ಅಷ್ಟೇ. ಎತ್ತುವುದು ಕ್ಲಬ್ಬಿನ ಮುಖದ ಓರೆ, ಅದನ್ನು ನಂಬಬೇಕು. ಮೊದಲ ವಾರ ಹತ್ತಕ್ಕೆ ಎಂಟು ಸಲ ಹಾಳೆ ಸದ್ದು ಮಾಡಿತು. ದೀಪಾವಳಿ ಹೊತ್ತಿಗೆ ಹತ್ತಕ್ಕೆ ಎರಡು. ಒಂದು ಮಾತು: ಬೀಸುವ ಮುಂಚೆ ಹಿಂದೆ ಮಕ್ಕಳು, ನಾಯಿ ಇದ್ದಾರಾ ಅಂತ ಪ್ರತಿ ಸಲ ತಿರುಗಿ ನೋಡಿ. ಮನೆ ಕಡೆ ಮುಖ ಮಾಡಿ ನಿಜವಾದ ಚೆಂಡು ಹೊಡೆಯಲೇಬೇಡಿ. 46 ಗ್ರಾಂ ಹತ್ತಿರ ತೂಗುವ ಗಟ್ಟಿ ಚೆಂಡು ಅದು. ನಾನು ತೋಟದಲ್ಲಿ ಕೊಳೆ ರೋಗಕ್ಕೆ ಉದುರಿದ ಹಸಿ ಅಡಿಕೆ ಆರಿಸಿ ತಂದು ಹೊಡೆಯುತ್ತಿದ್ದೆ. ಆ ವರ್ಷ ಅದಕ್ಕೇನೂ ಕೊರತೆ ಇರಲಿಲ್ಲ, ಬೇಜಾರಿನ ವಿಷಯ.

ಡಿಸೆಂಬರಿನಲ್ಲಿ ಮತ್ತೆ ಚಿಕ್ಕಮಗಳೂರಿಗೆ ಹೋದೆ. ಆರನೆಯದೋ ಏಳನೆಯದೋ ಚೆಂಡು. ಕೈಗೆ ಏನೂ ತಾಗಿದ ಹಾಗೇ ಆಗಲಿಲ್ಲ, ಸದ್ದು ಮಾತ್ರ ಬಂತು. ತಲೆ ಎತ್ತಿದರೆ ಚೆಂಡು ನೇರ ಹೋಗುತ್ತಿದೆ, ಅರ್ಧದಷ್ಟು ಶಕ್ತಿಯೂ ಹಾಕಿರಲಿಲ್ಲ. ಭಾವ ಏನೂ ಹೇಳದೆ ಇನ್ನೊಂದು ಚೆಂಡು ಇಟ್ಟರು.

ಈಗಲೂ ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಕೊನೆ ಇಳಿಸುವ ಉದ್ದನೆಯ ದೋಟಿ ಹಿಡಿದು ಕೈ ಬಿಗಿದಿದ್ದರೆ ಮೊದಲ ಹತ್ತು ಚೆಂಡು ಬಲಕ್ಕೇ ಹೋಗುತ್ತವೆ. ಆಗ ನಿಲ್ಲಿಸಿ, ಕ್ಲಬ್ ಕೆಳಗಿಟ್ಟು, ಮತ್ತೆ ಮೊದಲಿಂದ ಹಿಡಿದು ಎರಡು ಗೆಣ್ಣು ಕಾಣುತ್ತವಾ ಅಂತ ನೋಡುತ್ತೇನೆ. ಅತಿ ದೂರ ಹೊಡೆಯುವ ಉದ್ದದ ಕ್ಲಬ್ಬು, ಡ್ರೈವರ್, ಇನ್ನೂ ಮುಟ್ಟಿಲ್ಲ.